ಭಾಷಾವಿಜ್ಞಾನ ಓದಲು ಹಣದ ದಾರಿಗಳು

ಭಾಷಾವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಹೆಚ್ಚಿಲ್ಲ. ಕೈ ಕಚ್ಚುವುದು ಊರು ಬಿಟ್ಟು ಇರುವ ಖರ್ಚು. ವಿಜಯಪುರದ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಕನ್ನಡ ಎಂ.ಎ. ಓದುವವರಿಗೆ ಭಾಷಾವಿಜ್ಞಾನದ ಪರಿಚಯವೂ ಆಗುತ್ತದೆ. ಅದನ್ನೇ ಮುಖ್ಯ ವಿಷಯವಾಗಿ ಹಿಡಿಯಬೇಕೆಂದರೆ ಮೈಸೂರು, ಹೈದರಾಬಾದ್ ಇಲ್ಲವೇ ಪುಣೆಯ ಡೆಕ್ಕನ್ ಕಾಲೇಜಿನಂಥ ಕಡೆ ಹೋಗಬೇಕು. ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರದ ರೈತರ ಮನೆಗಳಿಗೆ ಆ ಊರುಗಳ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲೇ ದೊಡ್ಡ ಹೊರೆ.

ಎಂ.ಎ. ಹಂತದಲ್ಲಿ ಸಿಗುವ ದೊಡ್ಡ ಮೊತ್ತವೆಂದರೆ ಯುಜಿಸಿಯ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನ. ತಿಂಗಳಿಗೆ 15,000 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು, ಎರಡು ವರ್ಷ ಬರುತ್ತದೆ. ಪದವಿಯ ಅಂಕಗಳ ಮೇಲೆ ಆಯ್ಕೆ. ದೇಶಕ್ಕೆಲ್ಲ 10,000 ಮಂದಿಗೆ ಮಾತ್ರ. ರಾಜ್ಯದ ನೆರವು ಇದಕ್ಕಿಂತ ಚಿಕ್ಕದು, ಆದರೆ ಹೆಚ್ಚು ಜನರಿಗೆ ತಲುಪುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂಪಾಯಿ ನಿಗದಿಯಾಗಿತ್ತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ಎಂದು ನಿಗದಿಯಾಯಿತು. ಈ ಹಣ ಬರುವುದೂ ನಿಲ್ಲುವುದೂ ಕಾಗದಪತ್ರದಲ್ಲಿ. ಹೊಲದ ಪಹಣಿ ತಂದೆಯ ಹೆಸರಲ್ಲಿದ್ದರೆ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಬೇಕು. ನಾಡಕಚೇರಿಯಲ್ಲಿ ಕೊಡುವ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರ್‌ನಲ್ಲೊಂದು, ಅಂಕಪಟ್ಟಿಯಲ್ಲೊಂದು ಹೆಸರಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರವೇಶ ಪಡೆದ ಮೇಲೆ ಓಡಾಡುವ ಬದಲು ಬೇಸಿಗೆ ರಜೆಯಲ್ಲೇ ಇವನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಪಿಎಚ್.ಡಿ.ಗೆ ಗಟ್ಟಿ ಆಸರೆ ಯುಜಿಸಿ ನೆಟ್ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಹಾಸ್ಟೆಲ್ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಪುಸ್ತಕ, ತಿರುಗಾಟದ ಖರ್ಚಿಗೆ ವರ್ಷಕ್ಕೆ 10,000, ಮೂರನೆಯ ವರ್ಷದಿಂದ 20,500. ಪರೀಕ್ಷೆ ಎರಡು ಪತ್ರಿಕೆಗಳದ್ದು: ಎಲ್ಲರಿಗೂ ಸಮಾನವಾದ 50 ಪ್ರಶ್ನೆ, ವಿಷಯದ ಮೇಲೆ 100 ಪ್ರಶ್ನೆ, ಒಟ್ಟು 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡ ಮತ್ತು ಭಾಷಾವಿಜ್ಞಾನ ಇಲ್ಲಿ ಬೇರೆ ಬೇರೆ ವಿಷಯಗಳು. ಎಂ.ಎ. ಕೊನೆಯ ವರ್ಷದಲ್ಲೇ ಪರೀಕ್ಷೆಗೆ ಕೂರಬಹುದು, ಕೂರಲೇಬೇಕು; ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30 ವರ್ಷ, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒಬಿಸಿ ವರ್ಗಗಳಿಗೂ 5 ವರ್ಷ ಸಡಿಲಿಕೆ. ಕೆ–ಸೆಟ್ ಪಾಸಾದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ನೆಟ್, ಕೆ–ಸೆಟ್ ಎರಡನ್ನೂ ಒಂದೇ ಎಂದುಕೊಂಡು ವರ್ಷ ಕಳೆದುಕೊಳ್ಳಬಾರದು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒಬಿಸಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿರುವುದರಿಂದ ತಾಂಡಾಗಳ ಮಕ್ಕಳೂ ಪರಿಶಿಷ್ಟ ಜಾತಿಯ ಫೆಲೋಶಿಪ್‌ಗೆ ಅರ್ಹರು. ಒಬಿಸಿಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು: ರಾಜ್ಯದ ಪ್ರವರ್ಗ ಪಟ್ಟಿಯೇ ಬೇರೆ, ಕೇಂದ್ರದ ಪಟ್ಟಿಯೇ ಬೇರೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಉರ್ದು, ದಖನಿ ಮನೆಮಾತಿನ ಸಂಶೋಧಕರಿಗೆ ಅದು ದೊಡ್ಡ ನಷ್ಟ. ತಂದೆತಾಯಿಗೆ ಒಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಭಾಷೆ ಮತ್ತು ಸಮಾಜದ ಸಂಬಂಧ ಹುಡುಕುವವರು ಸಮಾಜವಿಜ್ಞಾನ ಸಂಶೋಧನೆಗೆ ನೆರವು ನೀಡುವ ಐಸಿಎಸ್‌ಎಸ್‌ಆರ್‌ನತ್ತಲೂ ನೋಡಬಹುದು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಅಂಕ, ಜಾತಿ, ಆದಾಯದ ಮೇಲೆ ನಿಂತ ಹಣ. ಸಂಶೋಧನೆಯ ಪ್ರಸ್ತಾವ ನೋಡಿ ಕೊಡುವ ಹಣವೂ ಇದೆ. ಅಲ್ಲಿ ವಿಜಯಪುರ ಭಾಗದ ವಿದ್ಯಾರ್ಥಿಗಳ ಕೈ ಮೇಲಾಗಬೇಕು. ಟಿಕೋಟಾದ ದ್ರಾಕ್ಷಿ ತೋಟದಲ್ಲಿ, ಮಣೂಕ ಒಣಗಿಸುವ ಶೆಡ್ಡಿನಲ್ಲಿ ಕನ್ನಡ, ಮರಾಠಿ, ಲಂಬಾಣಿ, ದಖನಿ ದಿನವಿಡೀ ಒಂದರೊಳಗೊಂದು ಬೆರೆಯುತ್ತವೆ. ಇಂಥದ್ದೇ ಬೆರಕೆಯನ್ನು ಪಕ್ಕದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ನೋಡಿ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದ ಲೇಖನವನ್ನು ಭಾಷಾಸಂಪರ್ಕ ಓದುವವರು ಇಂದಿಗೂ ಜಗತ್ತಿನೆಲ್ಲೆಡೆ ಓದುತ್ತಾರೆ. ಶಬ್ದಗಳು ಬೇರೆಯಾಗಿದ್ದರೂ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿದೆ ಎಂಬುದು ಅವರ ವಾದ. ಹುಟ್ಟಿನಿಂದ ಇಂಥ ಮಾತಿನ ನಡುವೆ ಬೆಳೆದವರು ನಾಲ್ಕು ಗಂಟೆಯ ಧ್ವನಿಮುದ್ರಣ, ಅದರ ಲಿಪ್ಯಂತರ, ಒಂದು ಸ್ಪಷ್ಟ ಪ್ರಶ್ನೆ ಇಟ್ಟುಕೊಂಡು ಅರ್ಜಿ ಹಾಕಿದರೆ ಅದಕ್ಕೆ ತೂಕ ಬರುತ್ತದೆ.

1969ರಲ್ಲಿ ಸ್ಥಾಪನೆಯಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಯೋಜನೆಗಳಲ್ಲಿ ತಾತ್ಕಾಲಿಕ ಸಂಶೋಧನಾ ಕೆಲಸಗಳು ಆಗಾಗ ಹೊರಬೀಳುತ್ತವೆ. ಭಾಷಾ ದತ್ತಾಂಶ, ಅಳಿವಿನಂಚಿನ ಭಾಷೆಗಳ ದಾಖಲೀಕರಣ ಅಲ್ಲಿ ನಡೆದಿದೆ. ಬರ್ಲಿನ್‌ನಲ್ಲಿ ನೆಲೆಯಿರುವ ಅಳಿವಿನಂಚಿನ ಭಾಷೆಗಳ ದಾಖಲೀಕರಣ ಕಾರ್ಯಕ್ರಮವು ಯಾವ ದೇಶದವರಿಗಾದರೂ ಕ್ಷೇತ್ರಕಾರ್ಯಕ್ಕೆ ಹಣ ಕೊಡುತ್ತದೆ, ಆದರೆ ಕನ್ನಡದಂಥ ದೊಡ್ಡ ಭಾಷೆಗಲ್ಲ.

ವಿದೇಶದ ಓದಿಗೆ ಸಾಲವೇ ದಾರಿ ಎಂಬ ನಂಬಿಕೆ ಪಿಎಚ್.ಡಿ. ಮಟ್ಟಿಗೆ ಸರಿಯಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ವಿದ್ಯಾರ್ಥಿಗಳ ಬೋಧನಾ ಶುಲ್ಕ ಮನ್ನಾ ಮಾಡಿ, ಪಾಠ ಹೇಳುವ ಕೆಲಸಕ್ಕೆ ಪ್ರತಿಯಾಗಿ ಸಂಬಳ ಕೊಡುತ್ತವೆ. ಎಂ.ಎ.ಗೆ ಆ ಸೌಲಭ್ಯ ಅಪರೂಪ. ಪರಿಶಿಷ್ಟ ಜಾತಿ ಮುಂತಾದವರಿಗಿರುವ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಒಂದು ನಿಯಮವನ್ನು ಎಚ್ಚರದಿಂದ ಓದಬೇಕು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು 2022ರ ಮಾರ್ಗಸೂಚಿ ಹೊರಗಿಟ್ಟಿತು. ತನ್ನ ತಾಂಡಾದ ಮಾತನ್ನು ಹೊರದೇಶದಲ್ಲಿ ಕೂತು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗೆ ಇದು ನ್ಯಾಯವಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲೇ ಆ ವರ್ಷದ ಮಾರ್ಗಸೂಚಿ ನೋಡಿಕೊಂಡು ವಿಷಯವನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.