ಬೋರ್ಡಿಲ್ಲದ ಕೋಣೆ ಹುಡುಕುತ್ತಾ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಿಂದ ದೇವರಾಯಸಮುದ್ರದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಡೇರಿಗೆ ಹಾಲು ಹಾಕಿ ಬಂದವರು ಟೀ ಅಂಗಡಿ ಮುಂದೆ ಕ್ಯಾನು ಇಟ್ಟುಕೊಂಡು ನಿಂತಿದ್ದರು. "ಅಣ್ಣಾ, ಕುಡಿಯೋದು ಬಿಟ್ಟೋರು ಸೇರೋ ಮೀಟಿಂಗು ಇಲ್ಲೆಲ್ಲಾದ್ರೂ ನಡೆಯುತ್ತಾ?" ಅಂತ ಕೇಳಿದೆ. ಟೀ ಸೋಸುತ್ತಿದ್ದವರು ತಲೆ ಎತ್ತಿದರು. "ಕುಡಿಯೋರು ಸೇರೋ ಜಾಗ ಬೇಕಾದ್ರೆ ತೋರಿಸ್ತೀನಿ ಸಾರ್. ಬಿಟ್ಟೋರು ಯಾಕೆ ಸೇರ್ತಾರೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬರು ಮಾತ್ರ ನಗಲಿಲ್ಲ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಅಂಚಿನಿಂದ ಟೀ ಚೆಲ್ಲುತ್ತಿತ್ತು. ನಾನು ರಸ್ತೆ ಕಡೆ ಹೊರಟಾಗ ಹಿಂದೆಯೇ ಬಂದು, ಯಾರೂ ಇಲ್ಲದ್ದು ನೋಡಿ, "ಅದು ಎಲ್ಲಿ ಸಾರ್ ನಡೆಯೋದು?" ಎಂದರು.

ಮೊದಲು ಡಾಕ್ಟರ ಹತ್ತಿರ ಹೋಗಿ ಅಂದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಮಾತು ತಪ್ಪಿ, ಜೀವಕ್ಕೇ ಕುತ್ತಾಗಬಹುದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ; ಇದೇ ಹೆದ್ದಾರಿಯಲ್ಲಿ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ; ಅದಕ್ಕೂ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್. ಮೀಟಿಂಗು ಔಷಧಿಯ ಜಾಗಕ್ಕೆ ಬರುವಂಥದ್ದಲ್ಲ, ಔಷಧಿ ಮುಗಿದ ಮೇಲಿನ ದಿನಗಳಿಗೆ ಬೇಕಾದದ್ದು.

ಕುಡಿಯುವ ಜಾಗ ಹುಡುಕಲು ಯಾರನ್ನೂ ಕೇಳಬೇಕಿಲ್ಲ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಜಾಗಕ್ಕೆ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿತು. ಮರುವರ್ಷವೇ 20,000ಕ್ಕಿಂತ ಕಡಿಮೆ ಜನ ಇರುವ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು. 220 ಮೀಟರ್ ಎಂದರೆ ಮೂರು ನಿಮಿಷದ ನಡಿಗೆ.

ನಾನು ಹುಡುಕುತ್ತಿದ್ದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಬಾಯಿಮಾತಿನಲ್ಲಿ 'ಎಎ', ಅದರ ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು, ಇಬ್ಬರೂ ಕುಡುಕರೇ, ಕೂತು ಮಾತಾಡಿದ್ದರಿಂದ ಶುರುವಾದದ್ದು. ಭಾರತಕ್ಕೆ ಬಂದದ್ದು 1957ರಲ್ಲಿ. ಸಂಜೆ ಜಿಲ್ಲೆಯ ಒಂದು ಊರಿನಲ್ಲಿ, ಶಾಲೆಯ ಕೋಣೆಯೊಂದರಲ್ಲಿ, ಅಂತೂ ಸಿಕ್ಕಿತು. ಊರಿನ ಹೆಸರು ಬರೆಯುವುದಿಲ್ಲ. ಹೊರಗಿನವರೂ ಕೂರಬಹುದಾದ 'ಓಪನ್ ಮೀಟಿಂಗ್' ಅದಾಗಿತ್ತು.

ಒಬ್ಬರು ಚೀಲದಿಂದ ಸುತ್ತಿಟ್ಟ ಎರಡು ಬ್ಯಾನರ್ ತೆಗೆದು, ನಕ್ಷೆ ತೂಗುಹಾಕುವ ಮೊಳೆಗಳಿಗೆ ಸಿಕ್ಕಿಸಿದರು: ಒಂದು ಹನ್ನೆರಡು ಹಂತಗಳದ್ದು, ಇನ್ನೊಂದು ಹನ್ನೆರಡು ಸಂಪ್ರದಾಯಗಳದ್ದು. ಐದನೇ ಕ್ಲಾಸಿನ ಬೆಂಚಿನಲ್ಲಿ ಮಂಡಿ ತುರುಕಿ ಕೂತ ಹತ್ತು-ಹನ್ನೆರಡು ಗಂಡಸರು. ಎದ್ದವರು ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಅನ್ನುತ್ತಾರೆ. ಉಳಿದವರು ನಮಸ್ಕಾರ ಹೇಳುತ್ತಾರೆ. ಒಬ್ಬರು ಕನ್ನಡದಲ್ಲಿ ಶುರುಮಾಡಿ ಹೆಂಡತಿಯ ಮಾತು ಬಂದಾಗ ತೆಲುಗಿಗೆ ಹೊರಳಿದರು. ಕೆಜಿಎಫ್ ಕಡೆಯವರು ತಮಿಳಿನಲ್ಲೇ ಮುಗಿಸಿದರು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಕೇಳಿದ್ದನ್ನು ಹೊರಗೆ ಒಯ್ಯಬಾರದು, ಹಾಗಾಗಿ ಇಷ್ಟೇ. ಕೊನೆಗೊಂದು ಬಟ್ಟೆ ಚೀಲ ಸುತ್ತಿ ಬಂತು. ಕೈಲಾದವರು ಹಾಕಬಹುದು, ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ನಾನು ಜೇಬಿಗೆ ಕೈ ಹಾಕಿದರೆ ಪಕ್ಕದವರು ತಲೆಯಾಡಿಸಿ ಚೀಲ ಮುಂದಕ್ಕೆ ದಾಟಿಸಿದರು.

ಹೊಸಬರಿಗೆ ಇಲ್ಲಿ ಹೇಳುವ ಮಾತೊಂದಿದೆ: 90 ದಿನಕ್ಕೆ 90 ಮೀಟಿಂಗು. ಬೆಂಗಳೂರಿನಲ್ಲಿ ಅದು ಸರಿ. ದೇವರಾಯಸಮುದ್ರದ ಕೂಲಿಯವನು ದಿನಾ ಬಸ್ ಚಾರ್ಜು ಕೊಟ್ಟು ಬರುವುದೆಲ್ಲಿಂದ? 2023ರ ಶಕ್ತಿ ಯೋಜನೆಯಿಂದಾಗಿ ಮನೆಯವರ ಸಭೆಯಾದ ಅಲ್-ಅನಾನ್‌ಗೆ ಹೆಂಡತಿ ಕಾಸು ಕೊಡದೆ ಬಸ್ಸಿನಲ್ಲಿ ಹೋಗಬಹುದು, ಗಂಡ ಮಾತ್ರ ಕಾಸು ಹೊಂದಿಸಬೇಕು!

ಹಳ್ಳಿಯಲ್ಲಿ ಹೆಸರು ಮುಚ್ಚಿಡುವುದೂ ಸುಲಭವಲ್ಲ. ಸಂಜೆ ಬಸ್ಸು ಹತ್ತಿದರೆ ಎಲ್ಲಿಗೆ ಎಂದು ನಾಲ್ವರು ಕೇಳುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದಾರೆ. ಅವರ ಮದ್ಯವರ್ಜನ ಶಿಬಿರ ಊರೆದುರೇ ಕಲ್ಯಾಣ ಮಂಟಪದಲ್ಲಿ ಎಂಟು ದಿನ ನಡೆಯುತ್ತದೆ, ಆಮೇಲೆ ಬಿಟ್ಟವರೆಲ್ಲ 'ನವಜೀವನ ಸಮಿತಿ'ಯಾಗಿ ಸೇರುತ್ತಾರೆ. ಊರಿಗೆಲ್ಲ ಗೊತ್ತಿರುವುದೇ ಅಲ್ಲಿ ಕಾವಲು. ಹಳ್ಳಿಗೆ ಇದೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಮತ್ತೆ ಜಾರಿದವನಿಗೆ ಅದೇ ಊರಿನಲ್ಲಿ ಮುಖ ತೋರಿಸುವುದು ಕಷ್ಟ. ಅಂಥವನಿಗೆ ಬೋರ್ಡಿಲ್ಲದ ಆ ಕೋಣೆಯೂ ಬೇಕು.

ಸಂಜೆ ಬಸ್‌ಸ್ಟಾಪಿಗೆ ಬರುತ್ತೇನೆ ಎಂದಿದ್ದ ಟೀ ಅಂಗಡಿಯ ಆಸಾಮಿ ಬರಲಿಲ್ಲ. ಚೀಟಿಯಲ್ಲಿ ಎರಡು ನಂಬರ್ ಬರೆದುಕೊಟ್ಟಿದ್ದೆ: ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿಮನಸ್ 14416. ಎರಡಕ್ಕೂ ಕಾಸಿಲ್ಲ.

ಎಎ ಲೆಕ್ಕದಲ್ಲಿ ಬಿಡಬೇಕೆನ್ನುವ ಇಬ್ಬರು-ಮೂವರು ಸೇರಿದರೆ ಅದೇ ಒಂದು ಗುಂಪು. ಕೋಣೆಗೆ ಬಾಡಿಗೆಯನ್ನೂ ಅವರೇ ಕೊಡುತ್ತಾರೆ. ಹೆದ್ದಾರಿ ಬದಿಯ ಪಂಚಾಯ್ತಿಗಳಿಗೆ, ಶಾಲೆಗಳಿಗೆ ಕೇಳುವುದಿಷ್ಟೇ: ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ, ಒಂದು ಕೋಣೆಯ ಬೀಗದ ಕೈ ಕೊಡಿ.