ಕಂಕನಾಡಿಯ ಗುಳಿಗೆ ಪಾದ್ರಿ

ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ, ಆಲದ ಮರದಡಿ, ಬಡವರಿಗೆ ಹೋಮಿಯೋಪಥಿ ಗುಳಿಗೆ ಹಂಚತೊಡಗಿದರು. ರೋಗಿಗೆ ಮಾಡಿದ ಸೇವೆ ಕ್ರಿಸ್ತನಿಗೇ ಸಲ್ಲುತ್ತದೆಂಬುದು ಕ್ರೈಸ್ತರ ನಂಬಿಕೆ.

ಕೊಟ್ಟದ್ದು ಬೇರೊಂದು ದಾರಿಯಲ್ಲಿ ಮರಳಿತು. ಗುಳಿಗೆಗಳ ಹೆಸರು ಊರೂರಿಗೆ ಹಬ್ಬಿ ಅಂಚೆಯಲ್ಲಿ ಬೇಡಿಕೆ ಬಂತು. ಮಾರಾಟದ ಹಣ ರೋಗಿಗಳ ಆರೈಕೆಗೇ ಹೋಯಿತು. ಮನೆಯವರೇ ಹೊರದೂಡುತ್ತಿದ್ದ ಕುಷ್ಠರೋಗಿಗಳಿಗಾಗಿ 1890ರಲ್ಲಿ ಆಸ್ಪತ್ರೆ ಎದ್ದಿತು. ಗುಳಿಗೆಯ ಗುಣದ ಬಗ್ಗೆ ವಾದ ಏನೇ ಇರಲಿ, ಯಾರೂ ಹತ್ತಿರ ಸೇರಿಸದವರಿಗೆ ಒಂದು ಸೂರು ಸಿಕ್ಕಿದ್ದು ಸಣ್ಣ ಮಾತಲ್ಲ.

ಮುಲ್ಲರ್ 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜಾಗಿಯೂ ಬೆಳೆದಿದೆ. ಕರಾವಳಿಯ ಎಲ್ಲ ಮತದವರೂ ಅಲ್ಲಿ ಚಿಕಿತ್ಸೆ ಪಡೆಯುತ್ತಾರೆ.