ಮದ್ದಿನ ಮನೆಯಾದ ಬಸದಿ

ಸುಲ್ತಾನ್ ಬತ್ತೇರಿ ಎಂಬ ಹೆಸರಿನ ಸ್ಥಳಗಳು ಎರಡುಂಟು. ಒಂದು ಮಂಗಳೂರಿನ ಬೋಳೂರಿನಲ್ಲಿದೆ. ಗುರುಪುರ ಹೊಳೆಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಸುಲ್ತಾನನು 1784ರಲ್ಲಿ ಕರಿಗಲ್ಲಿನಿಂದ ಕಟ್ಟಿಸಿದ ಕಾವಲು ಬುರುಜು ಅದು. ಅದರ ನೆಲದಡಿಯಲ್ಲಿ ಮದ್ದನ್ನು ಕೂಡಿಡುವ ಜಾಗವೂ ಇದೆ. ಇನ್ನೊಂದು ವಯನಾಡಿನ ಊರು. ಅಲ್ಲಿಗೆ ಹೋದ ನಮ್ಮ ವಿದ್ಯಾರ್ಥಿಗಳು ಬುರುಜೆಲ್ಲಿ, ಫಿರಂಗಿಯೆಲ್ಲಿ ಎಂದು ಹುಡುಕುವುದು ಸಹಜ. ಅವರಿಗೆ ತೋರಿಸಬೇಕಾದುದು ಒಂದು ಜೈನ ಬಸದಿಯನ್ನು.

ಕಿಡಂಗನಾಡು ಬಸ್ತಿ ಎಂದು ಕರೆಯುವ ಈ ಕಟ್ಟಡದ ಗೋಡೆ, ಕಂಬ, ಮಾಡು ಎಲ್ಲವೂ ಕಲ್ಲು. ಗರ್ಭಗೃಹ, ಅಂತರಾಳ, ಮಹಾಮಂಟಪ, ಮುಖಮಂಟಪಗಳೆಂಬ ಅಂಗಗಳನ್ನು ಇಂದಿಗೂ ಗುರುತಿಸಬಹುದು. ಇದರ ಕಾಲ 13ನೆಯ ಶತಮಾನವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆ ಹೇಳುವವರೇ ಇದರ ಶೈಲಿ ವಿಜಯನಗರದ್ದೆಂದೂ ಸೇರಿಸುತ್ತಾರೆ. ವಿಜಯನಗರ ಸ್ಥಾಪನೆಯಾದುದು 1336ರಲ್ಲಿ. ಈ ಎರಡು ಮಾತುಗಳು ಒಂದರೊಡನೊಂದು ಹೊಂದವು. ಶೈಲಿಯ ಸಾಕ್ಷ್ಯಕ್ಕೇ ಹೆಚ್ಚು ಬೆಲೆ ಕೊಟ್ಟು, ಕಾಲವನ್ನು ಒಂದು ಶತಮಾನ ಈಚೆಗೆ ತರುವುದು ಲೇಸೆಂದು ನಮ್ಮ ಅಭಿಪ್ರಾಯ.

ಶಾಸನಗಳು ಬಯಲ್ನಾಡು ಎಂದು ಕರೆಯುವ ಈ ಸೀಮೆಗೆ ಜೈನರು ಕರ್ನಾಟಕದ ಕಡೆಯಿಂದ ಬಂದು ನೆಲಸಿದರು. ಅವರ ಮನೆಮಾತು ಕನ್ನಡ. ಅವರು ಕಟ್ಟಿಕೊಂಡ ಪೇಟೆಗೆ ಹನ್ನೆರಡು ಬೀದಿ ಎಂದು ಹೆಸರಿತ್ತೆಂಬ ಹೇಳಿಕೆಯುಂಟು. ಮಲಯಾಳದ ಬಾಯಲ್ಲಿ ರೂಪ ಸ್ವಲ್ಪ ಬದಲಾದರೂ ಹೆಸರಿನ ಕನ್ನಡತನ ಮರೆಯಾಗಿಲ್ಲ. ಅಲ್ಲಿಯ ಗಣಪತಿ ದೇವಾಲಯದಿಂದ ಗಣಪತಿವಟ್ಟಂ ಎಂಬ ಹೆಸರೂ ಬಂದಿತು. ಬಸದಿಯು ಮೊದಲು ಪೂಜಾಸ್ಥಾನವಾಗಿಯೂ, ಬಳಿಕ ವ್ಯಾಪಾರದ ಕೇಂದ್ರವಾಗಿಯೂ ಉಪಯೋಗವಾಯಿತೆಂದು ಹೇಳುತ್ತಾರೆ.

ಆಮೇಲೆ ಬಂದುದು ಮದ್ದುಗುಂಡಿನ ಕಾಲ. ಹೈದರಾಲಿಯು 1766ರಲ್ಲಿ ಮಲಬಾರಿಗೆ ಇಳಿದ ಮೇಲೆ ಮೈಸೂರಿನ ಸೈನ್ಯಕ್ಕೆ ವಯನಾಡು ಹಾದಿಯ ನಾಡಾಯಿತು. ಟಿಪ್ಪುವಿನ ಸೈನಿಕರು ಈ ಬಸದಿಯನ್ನು ಆಯುಧಗಳ ಉಗ್ರಾಣವನ್ನಾಗಿ ಮಾಡಿಕೊಂಡರು. ದೇವಾಲಯವನ್ನೇ ಏಕೆ ಆರಿಸಿದರು? ಮದ್ದಿನ ಗುಣವನ್ನು ನೆನೆದರೆ ಉತ್ತರ ದೊರೆಯುತ್ತದೆ. ಪೆಟ್ಲುಪ್ಪು, ಇದ್ದಲು, ಗಂಧಕ ಬೆರೆಸಿದ ಅಂದಿನ ಮದ್ದಿಗೆ ಇಬ್ಬರು ಶತ್ರುಗಳು: ಒಂದು ಕಿಡಿ, ಇನ್ನೊಂದು ತೇವ. ವಯನಾಡಿನ ಮಳೆಗಾಲವನ್ನು ಕಂಡವರಿಗೆ ಎರಡನೆಯದರ ಬಲವನ್ನು ಹೇಳಬೇಕಾಗಿಲ್ಲ. ಹುಲ್ಲು ಹೊದಿಸಿದ ಮಾಡಿನ ಕೆಳಗೆ ಮದ್ದು ಒಂದು ಆಷಾಢವನ್ನೂ ದಾಟಲಾರದು. ಬೆಂಕಿಯ ಭಯವಂತೂ ತಪ್ಪಿದ್ದಲ್ಲ. ದಪ್ಪ ಗೋಡೆ, ಕಲ್ಲಿನ ಚಾವಣಿ, ಒಳಗೆ ಕತ್ತಲೆಯ ತಂಪು, ಕಾಯಲು ಸುಲಭವಾದ ಬಾಗಿಲು, ಇವೆಲ್ಲವೂ ಸಿದ್ಧವಾಗಿ ದೊರೆತಾಗ ಸೇನೆಗೆ ಹೊಸ ಕಟ್ಟಡದ ಗೊಡವೆ ಏಕೆ? ದೇವರಿಗಾಗಿ ಗಟ್ಟಿಯಾಗಿ ಕಟ್ಟಿದುದೇ ಬಸದಿಗೆ ಮುಳುವಾಯಿತೆನ್ನಬೇಕು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಕಂಪನಿಯ ಕೈಸೇರಿತು. ವಯನಾಡು ಯಾರದೆಂಬ ತಕರಾರು ಮಾತ್ರ 1799ರಲ್ಲಿ ಟಿಪ್ಪು ಮಡಿಯುವವರೆಗೂ ಮುಗಿಯಲಿಲ್ಲ. ಇಂಗ್ಲಿಷರು ಆ ಸ್ಥಳವನ್ನು 'ಸುಲ್ತಾನ್ಸ್ ಬ್ಯಾಟರಿ' ಎಂದರು. ಅವರ ಯುದ್ಧಭಾಷೆಯಲ್ಲಿ ಬ್ಯಾಟರಿಯೆಂದರೆ ಫಿರಂಗಿಗಳನ್ನು ಸಾಲಾಗಿ ಹೂಡಿದ ನೆಲೆಯೇ ಹೊರತು ಉಗ್ರಾಣವಲ್ಲ. ನಮ್ಮ ಕೋಟೆಗಳ ಬತೇರಿ ಎಂಬ ಮಾತೂ ಬುರುಜಿಗೇ ಸಲ್ಲುತ್ತದೆ. ಅರ್ಥ ಸಡಿಲವಾದರೂ ಹೆಸರು ಗಟ್ಟಿಯಾಗಿ ನಿಂತಿತು. ಹೆಚ್ಚೆಂದರೆ ಕೆಲವು ವರ್ಷಗಳ ಆಯುಧವಾಸವು ಶತಮಾನಗಳ ಪೂಜೆಯನ್ನೂ ವ್ಯಾಪಾರವನ್ನೂ ಮರೆಸಿ ಊರಿಗೇ ಹೆಸರಾಯಿತು! ಸ್ಥಳನಾಮಗಳನ್ನು ಸಂಗ್ರಹಿಸುವ ನಮ್ಮ ಉಪಾಧ್ಯಾಯರು ಹನ್ನೆರಡು ಬೀದಿಯನ್ನೂ ಬರೆದಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ವಯನಾಡಿನ ಹಳೆಯ ಮನೆಗಳಲ್ಲಿ ಕನ್ನಡ ಕೇಳುವ ಕಿವಿಗಳು ಕಡಮೆಯಾಗುತ್ತಿರುವ ಈ ದಿನಗಳಲ್ಲಿ ಅದು ತಡವಾಗಬಾರದು.

ಈಗ ಬಸದಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಒಳಗೆ ಮದ್ದೂ ಇಲ್ಲ, ಪೂಜೆಗೊಳ್ಳುವ ಮೂರ್ತಿಯೂ ಇಲ್ಲ. ತೀರ್ಥಂಕರರು ಕಲ್ಲಿನ ಕೆತ್ತನೆಗಳಲ್ಲಿ ಮಾತ್ರ ಉಳಿದಿದ್ದಾರೆ. ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿ ಈ ಊರಿನ ಮೂಲಕವೇ ಹಾಯುವುದರಿಂದ ಶಾಲಾ ಪ್ರವಾಸಕ್ಕೆ ಅನುಕೂಲ. ಪೂಜೆ ನಡೆಯುವ ಬಸದಿಯನ್ನೂ ಮಕ್ಕಳು ನೋಡಬೇಕೆಂದರೆ ಅದೇ ದಾರಿಯಲ್ಲಿ ಮುಂದುವರಿದು, ಕಲ್ಪೆಟ್ಟದ ಬಳಿಯ ಪುಳಿಯಾರ್ಮಲೆಯಲ್ಲಿರುವ ಅನಂತನಾಥ ಸ್ವಾಮಿಯ ಬಸದಿಗೆ ಕರೆದೊಯ್ಯಬಹುದು.